ವೆರ್ದಿಯ ರೆಕ್ವಿಯೆಮ್‌ನಲ್ಲಿ ಶ್ರುತಿ ಹಿಡಿದ ಬಗೆ

ಇಟಲಿಯ ಸಂಗೀತ ರಚನಕಾರ ಜುಸೆಪ್ಪೆ ವೆರ್ದಿಯ ರೆಕ್ವಿಯೆಮ್ (ಸತ್ತವರ ಶಾಂತಿಗಾಗಿ ಹಾಡುವ ಲ್ಯಾಟಿನ್ ಪ್ರಾರ್ಥನೆಯ ಸಂಗೀತ) ಎಂದರೆ ಬಹುತೇಕರಿಗೆ ಮೊದಲು ನೆನಪಾಗುವುದು ಅಂತಿಮ ತೀರ್ಪಿನ ದಿನವನ್ನು ಬಣ್ಣಿಸುವ ‘ದಿಯೆಸ್ ಇರೆ’ ಭಾಗದ ಅಬ್ಬರ. ಇಂಗ್ಲೆಂಡಿನ ಹವ್ಯಾಸಿ ಗಾಯಕವೃಂದವೊಂದರ ಬಾಸ್ (ಅತಿ ತಗ್ಗಿನ ಗಂಡುಕಂಠ) ಸಾಲಿನಲ್ಲಿ ನಿಂತು ಹಾಡಿದ ನನ್ನನ್ನು ಹೆಚ್ಚು ಸತಾಯಿಸಿದ್ದು ವಾದ್ಯಗಳೆಲ್ಲ ಸುಮ್ಮನಾಗುವ ಜಾಗಗಳು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವನಿಗೆ ತಂಬೂರಿಯ ಆಸರೆ ಇದ್ದೇ ಇರುತ್ತದೆ. ಇಲ್ಲಿ ನೂರಕ್ಕೂ ಹೆಚ್ಚು ಮಂದಿ ಯಾವ ಆಸರೆಯೂ ಇಲ್ಲದೆ ಹಾಡಿಕೊಂಡು ಹೋಗಿ, ವಾದ್ಯಗಳು ಮರಳುವ ಹೊತ್ತಿಗೆ ಅವುಗಳ ಶ್ರುತಿಯಲ್ಲೇ ನಿಂತಿರಬೇಕು.

ಲೇಖಕ ಅಲೆಸ್ಸಾಂದ್ರೊ ಮಾಂಜೋನಿಯ ಮೊದಲ ಪುಣ್ಯತಿಥಿಯಂದು, 1874ರ ಮೇ 22ರಂದು, ಮಿಲಾನ್ ನಗರದ ಸಾನ್ ಮಾರ್ಕೊ ಚರ್ಚಿನಲ್ಲಿ ವೆರ್ದಿಯೇ ನಿರ್ದೇಶಿಸಿ ಇದನ್ನು ಮೊದಲ ಬಾರಿ ಪ್ರಸ್ತುತಪಡಿಸಿದ. ನಾಲ್ವರು ಏಕಗಾಯಕರು, ದೊಡ್ಡ ಆರ್ಕೆಸ್ಟ್ರಾ, ಸುಮಾರು ಒಂದೂವರೆ ಗಂಟೆಯ ಅವಧಿ.

ಮೊದಲ ಪರೀಕ್ಷೆ ಆರಂಭದ ಕೆಲವೇ ನಿಮಿಷಗಳಲ್ಲಿ ಎದುರಾಗುತ್ತದೆ. ‘ತೆ ದೆಚೆತ್ ಇಮ್ನುಸ್’ ಎಂಬ ಸಾಲನ್ನು ಬಾಸ್ ಕಂಠಗಳೇ, ವಾದ್ಯವಿಲ್ಲದೆ, ಎತ್ತಿಕೊಡಬೇಕು. ಇಳಿಯುವ ಸ್ವರಗಳನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಇಳಿಸುವುದು ಹವ್ಯಾಸಿಗಳ ರೂಢಿಯಾದ್ದರಿಂದ ಇಡೀ ವೃಂದ ತನಗರಿವಿಲ್ಲದೆ ಕೆಳಗೆ ಜಾರುತ್ತದೆ. ನಾನು ಮನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಈ ಭಾಗದ ಆಧಾರ ಸ್ವರವಾದ ‘ಎಫ್’ಗೆ ಕೂಡಿಸಿ, ಸ್ವಲ್ಪ ಹಾಡಿ, ನಡುವೆ ಅದನ್ನು ನಿಲ್ಲಿಸಿ, ಕೊನೆಯ ಸ್ವರಕ್ಕೆ ಬಂದಾಗ ಮತ್ತೆ ಹಾಕಿ ನೋಡುತ್ತಿದ್ದೆ. ಎಲ್ಲಿ ಜಾರಿದೆನೋ ಆ ಸ್ವರದ ಮೇಲೆ ಪೆನ್ಸಿಲ್‌ನಿಂದ ಮೇಲ್ಮುಖ ಬಾಣ ಹಾಕುತ್ತಿದ್ದೆ. ಪ್ರದರ್ಶನದ ದಿನ ನನ್ನ ಪುಸ್ತಕದ ಆ ಪುಟ ಬಾಣಗಳಿಂದಲೇ ತುಂಬಿತ್ತು.

ಉಚ್ಚಾರಣೆಯಲ್ಲಿ ನನಗೆ ಲಾಭವೇ ಆಯಿತು. ಇಟಲಿಯ ರೀತಿಯ ಲ್ಯಾಟಿನ್‌ನಲ್ಲಿ ತ, ದ ಹಲ್ಲಿಗೆ ತಗುಲಿಯೇ ಹುಟ್ಟಬೇಕು. ಅಕ್ಕಪಕ್ಕದ ಇಂಗ್ಲಿಷರು ಅಭ್ಯಾಸ ಮಾಡಿ ಗಳಿಸಿದ್ದು ನಮ್ಮ ಬಾಯಿಗೆ ತಾನಾಗಿಯೇ ಬಂದಿರುತ್ತದೆ.

ಏಕಗಾಯಕರೂ ಆರ್ಕೆಸ್ಟ್ರಾವೂ ನಮ್ಮೊಂದಿಗೆ ಸೇರಿದ್ದು ಪ್ರದರ್ಶನದ ಮಧ್ಯಾಹ್ನವೇ. ಅಲ್ಲಿಯವರೆಗೆ ಪಿಯಾನೊ ಒಂದೇ ಜೊತೆ. ‘ದಿಯೆಸ್ ಇರೆ’ಯಲ್ಲಿ ದೊಡ್ಡ ಡ್ರಮ್ಮಿನ ಪೆಟ್ಟು ಬಿದ್ದಾಗ ಕಾಲಡಿಯ ಹಲಗೆ ನಡುಗಿತು, ಮುಂದಿನ ಸಾಲಿನವರು ತಿರುಗಿಯೇ ನೋಡಿದರು. ಆ ಸದ್ದಿನೊಡನೆ ಪೈಪೋಟಿಗೆ ಇಳಿದರೆ ಮುಂದಿನ ‘ಸಾಂಕ್ತುಸ್’ ಭಾಗ ಬರುವ ವೇಳೆಗೆ ಗಂಟಲು ಮುಗಿದಿರುತ್ತದೆ. ಅಲ್ಲಿ ವೃಂದ ಎರಡಾಗಿ ಒಡೆದು ಎಂಟು ಎಳೆಗಳಲ್ಲಿ ಓಡುತ್ತದೆ. ಆದ್ದರಿಂದ ನಾನು ಸದ್ದನ್ನು ಹಿಡಿತದಲ್ಲಿಟ್ಟು ವ್ಯಂಜನಗಳನ್ನು ಮಾತ್ರ ಹರಿತವಾಗಿ ಕತ್ತರಿಸಿ ಹಾಡಿದೆ.

‘ಆಗ್ನುಸ್ ದೇಯಿ’ಯಲ್ಲಿ ಶ್ರುತಿಯ ಹೊಣೆ ಇಬ್ಬರು ಗಾಯಕಿಯರದು. ಸೊಪ್ರಾನೊ (ಎತ್ತರದ ಹೆಣ್ಣುಕಂಠ) ಮತ್ತು ಮೆಟ್ಸೊ (ಅದಕ್ಕಿಂತ ತುಸು ತಗ್ಗಿನದು), ಒಂದು ಸ್ಥಾಯಿಯ ಅಂತರದಲ್ಲಿ, ವಾದ್ಯವಿಲ್ಲದೆ ಒಂದೇ ರಾಗಧಾಟಿಯನ್ನು ಹಾಡುತ್ತಾರೆ. ಅವರು ಪರಸ್ಪರ ಮುಖ ನೋಡದೆ ಉಸಿರಿನ ಗುರುತಿನಲ್ಲೇ ಜೊತೆಯಾದದ್ದನ್ನು ಕಂಡು ನಮ್ಮ ಸಾಲಿನವರೂ ನೆಟ್ಟಗಾದರು.

ನನಗೆ ಅಂಜಿಕೆಯಿದ್ದದ್ದು ಕೊನೆಯ ‘ಲಿಬೆರಾ ಮೆ’ಯ ನಡುವಿನ ಭಾಗದ ಬಗ್ಗೆ. ಆರಂಭದ ‘ರೆಕ್ವಿಯೆಮ್’ ಸಂಗೀತ ಅಲ್ಲಿ ಸೊಪ್ರಾನೊ ಮತ್ತು ವೃಂದದ ಕಂಠಗಳಲ್ಲಷ್ಟೇ ಮರಳುತ್ತದೆ, ಎಲ್ಲರೂ ದಣಿದಿರುತ್ತಾರೆ. ಪಕ್ಕದವರು ಉಸಿರೆಳೆದಾಗ ನಾನು ಎಳೆಯಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು, ಹಾಗಾಗಿ ಎಳೆ ಕಡಿಯಲಿಲ್ಲ. ತಂತಿವಾದ್ಯಗಳು ಮರಳಿದಾಗ ನಾವು ಕೂದಲೆಳೆಯಷ್ಟು ಕೆಳಗಿದ್ದೆವು. ಅದನ್ನು ಸಭಿಕರು ಗಮನಿಸಿರಲಾರರು, ನಿರ್ದೇಶಕಿಯ ಹುಬ್ಬು ಗಮನಿಸಿತು. ಅದರ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ, ಒಂದೇ ಧಾಟಿಯನ್ನು ಕಂಠಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಫ್ಯೂಗ್ ಶುರುವಾಗುವುದರಲ್ಲಿತ್ತು.