ಬೇರೆ ಬೇರೆ ಆಕರಗಳ ಎರಡು ಫೋಟಾನುಗಳು: ಕರಿಹಲಗೆಯ ಮೇಲಿನ ನನ್ನ ಅನುಭವ

ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಹಾಂಗ್–ಊ–ಮ್ಯಾಂಡೆಲ್ ಪರಿಣಾಮವನ್ನು (ಬೆಳಕಿನ ಕಣಗಳಾದ ಫೋಟಾನುಗಳು ಒಂದೇ ಬಗೆಯ ಎರಡು, ಬೆಳಕನ್ನು ಇಬ್ಭಾಗಿಸುವ ಗಾಜಿನಲ್ಲಿ ಕೂಡಿದಾಗ ಜೊತೆಯಾಗಿ ಒಂದೇ ದಾರಿ ಹಿಡಿಯುವುದನ್ನು) ಉಪಕರಣಗಳಿಲ್ಲದೆ, ಲೆಕ್ಕ ಮಾಡಿಸಿಯೇ ಮನವರಿಕೆ ಮಾಡಿಸುತ್ತ ಬಂದಿದ್ದೇನೆ. ಮಾನ್ವಿ, ಸಿಂಧನೂರು, ಲಿಂಗಸುಗೂರಿನ ಕಡೆಯಿಂದ ಬರುವ ಮಕ್ಕಳು ಪಿಯುಸಿಯಲ್ಲೇ ‘ಎರಡು ಸ್ವತಂತ್ರ ದೀಪಗಳ ಬೆಳಕಿನಿಂದ ಸ್ಥಿರವಾದ ವ್ಯತಿಕರಣ ಪಟ್ಟಿಗಳು (ಅಲೆಗಳು ಕೂಡಿ ಕೆಲವೆಡೆ ಬಲಗೊಂಡು, ಕೆಲವೆಡೆ ಅಳಿಸಿಹೋಗಿ ಆಗುವ ಬೆಳಕು–ಕತ್ತಲೆಯ ಪಟ್ಟಿಗಳು) ಮೂಡುವುದಿಲ್ಲ’ ಎಂದು ಓದಿರುತ್ತಾರೆ. ಆ ಮಾತು ಸರಿಯಾದದ್ದೇ. ಹಾಗಿದ್ದೂ ಸ್ವತಂತ್ರ ಫೋಟಾನುಗಳು ಹೇಗೆ ವ್ಯತಿಕರಣ ತೋರುತ್ತವೆ ಎಂಬುದೇ ನನ್ನ ಪಾಠದ ತಿರುಳು.

ಅರ್ಧ ಬೆಳಕನ್ನು ಹಾಯಗೊಟ್ಟು ಅರ್ಧವನ್ನು ಪ್ರತಿಫಲಿಸುವ ಬೀಮ್ ಸ್ಪ್ಲಿಟರಿಗೆ ಎರಡು ಮಗ್ಗುಲಿನಿಂದಲೂ ಒಂದೊಂದು ಫೋಟಾನ್ ಏಕಕಾಲಕ್ಕೆ ಬರುತ್ತದೆ ಎನ್ನೋಣ. ಹೊರದಾರಿಗೊಂದರಂತೆ ಫೋಟಾನ್ ಸಿಗಬೇಕಾದರೆ ಎರಡೂ ಹಾಯಬೇಕು, ಇಲ್ಲವೇ ಎರಡೂ ಪ್ರತಿಫಲಿಸಬೇಕು. ಒಂದೊಂದು ಪ್ರತಿಫಲನಕ್ಕೂ 90 ಡಿಗ್ರಿ ಫೇಸ್ (ಅಲೆ ತನ್ನ ಆವರ್ತದಲ್ಲಿ ಎಲ್ಲಿದೆ ಎಂಬ ಕೋನ) ಸೇರುವುದರಿಂದ ಮೊದಲನೆಯದರ ಆಂಪ್ಲಿಟ್ಯೂಡ್ (ವರ್ಗ ಮಾಡಿದರೆ ಸಂಭವನೀಯತೆ ಕೊಡುವ ಸಂಖ್ಯೆ) 1/2, ಎರಡನೆಯದರದು ಎರಡು ಪ್ರತಿಫಲನಗಳಿಂದ 180 ಡಿಗ್ರಿ ತಿರುಗಿ −1/2, ಕೂಡಿದರೆ ಸೊನ್ನೆ. ಎರಡು ಫೋಟಾನುಗಳೂ ಒಂದೇ ದಾರಿ ಹಿಡಿಯುತ್ತವೆ.

ಇಲ್ಲಿ ನಾನು ಸಾಕಷ್ಟು ಹೊತ್ತು ನಿಲ್ಲುತ್ತೇನೆ. ಎರಡು ಆಕರಗಳಿಗೂ ಮನಬಂದಂತೆ ಒಂದೊಂದು ಫೇಸ್ ಕೊಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಲೆಕ್ಕವನ್ನು ಮೊದಲಿನಿಂದ ಮಾಡಿಸುತ್ತೇನೆ. ಎರಡು ಸಾಧ್ಯತೆಗಳಲ್ಲಿಯೂ ಎರಡು ಫೋಟಾನುಗಳೂ ಭಾಗಿಯಾಗಿರುವುದರಿಂದ ಆ ಎರಡು ಫೇಸುಗಳ ಮೊತ್ತ ಎರಡೂ ಪದಗಳಿಗೆ ಸಮನಾಗಿ ಅಂಟಿಕೊಳ್ಳುತ್ತದೆ. ಉತ್ತರ ಮತ್ತೆ ಸೊನ್ನೆಯೇ. ಒಂದು ಫೋಟಾನ್ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದಿಲ್ಲ. ಒಂದೇ ಫಲಿತಾಂಶಕ್ಕೆ ಹೋಗುವ ಎರಡು ಹಾದಿಗಳು ಪರಸ್ಪರ ಅಳಿಸಿಹೋಗುತ್ತವೆ. ಇದು ತಮ್ಮದೇ ಕೈಬರಹದಲ್ಲಿ ಕಾಣಿಸಿಕೊಂಡಾಗ ಆಗುವ ಅರಿವನ್ನು ಯಾವ ಉಪನ್ಯಾಸವೂ ಕೊಡಲಾರದು ಎಂದು ನಾನು ನಂಬಿದ್ದೇನೆ.

ಮುಂದಿನದು ಗುರುತಿನ ಪ್ರಶ್ನೆ: ಎರಡು ಫೋಟಾನುಗಳನ್ನು ಬೇರೆ ಬೇರೆಯೆಂದು ಗುರುತಿಸಬಹುದಾದರೆ ಏನಾಗುತ್ತದೆ? ಒಂದು ಫೋಟಾನಿನ ಧ್ರುವೀಕರಣವನ್ನು (ಅದರ ಅಲೆ ಕಂಪಿಸುವ ದಿಕ್ಕನ್ನು) ತಿರುಗಿಸುತ್ತ ಹೋದರೆ, ಎರಡು ಕಡೆಯೂ ಒಂದೊಂದು ಸಿಗುವ ಸಂಭವನೀಯತೆ ಕೋನದ ಸೈನ್ ವರ್ಗದ ಅರ್ಧದಷ್ಟಾಗುತ್ತದೆ: 30 ಡಿಗ್ರಿಗೆ 1/8, 45ಕ್ಕೆ 1/4, 90ಕ್ಕೆ 1/2. ಧ್ರುವೀಕರಣವನ್ನು ಯಾರೂ ಅಳೆಯದಿದ್ದರೂ ಸರಿ, ಗುರುತು ಇದ್ದರೆ ಸಾಕು, ವ್ಯತಿಕರಣ ಕರಗುತ್ತದೆ.

1987ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಹಾಂಗ್, ಊ ಮತ್ತು ಮ್ಯಾಂಡೆಲ್ ಬಳಸಿದ ಜೋಡಿ ಫೋಟಾನುಗಳು ಒಂದೇ ಹರಳಿನಲ್ಲಿ ಹುಟ್ಟಿದಂಥವು. ಹಾಗಾಗಿ ‘ಒಡಹುಟ್ಟಿದವು ಎಂಬ ಕಾರಣಕ್ಕೆ ಹೀಗಾಯಿತೇ?’ ಎಂದು ಚುರುಕಾದ ವಿದ್ಯಾರ್ಥಿಗಳು ಕೇಳುತ್ತಾರೆ. 2006ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರತ್ಯೇಕವಾಗಿ ಹಿಡಿದಿಟ್ಟ ಎರಡು ರುಬಿಡಿಯಂ ಪರಮಾಣುಗಳು ಹೊರಸೂಸಿದ ಫೋಟಾನುಗಳಲ್ಲಿಯೂ ಇದೇ ವ್ಯತಿಕರಣವನ್ನು ಕಂಡರು ಎಂದು ತಿಳಿಸಿ, ಆ ಪ್ರಯೋಗದಲ್ಲಿ ಫೇಸುಗಳ ಮೊತ್ತ ಎಲ್ಲಿ ಬರುತ್ತದೆಂದು ಅವರಿಂದಲೇ ಬರೆಸುತ್ತೇನೆ.