ಮಂಡಿ ತೀರ್ಥಹಳ್ಳಿಯಲ್ಲಿ, ನಾನು ಶಿವಮೊಗ್ಗದಲ್ಲಿ

ಜೂನ್ ಕೊನೆಯ ವಾರ. ತೀರ್ಥಹಳ್ಳಿ ಆಚೆಯ ಒಂದು ಹಳ್ಳಿಯಿಂದ ಫೋನ್ ಬಂತು. ಅಮ್ಮನಿಗೆ 64 ವರ್ಷ, ಬಲ ಮಂಡಿಯ ಕೀಲು ಬದಲಿಸಿ ಒಂಬತ್ತು ದಿನ ಆಗಿದೆ ಅಂದರು ಮಗ. ನಾನು ಫಿಸಿಯೋಥೆರಪಿಸ್ಟ್, ಅಂದರೆ ವ್ಯಾಯಾಮದಿಂದ ಚಿಕಿತ್ಸೆ ಕೊಡುವವಳು. ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಅಲ್ಲಿಂದ 70 ಕಿಲೋಮೀಟರ್‌ಗಿಂತ ಜಾಸ್ತಿ. ಬಗ್ಗದ ಕಾಲು ಇಟ್ಟುಕೊಂಡು ಮಳೆಯಲ್ಲಿ ಎರಡು ಗಂಟೆ ಕಾರಿನಲ್ಲಿ ಬರಬೇಕು, ಮತ್ತೆ ಎರಡು ಗಂಟೆ ವಾಪಸ್ ಹೋಗಬೇಕು. ಮನೆ ಮುಟ್ಟುವಷ್ಟರಲ್ಲಿ ಮಂಡಿ ಇನ್ನಷ್ಟು ಊದಿರುತ್ತದೆ. "ವಿಡಿಯೋ ಕಾಲ್‌ನಲ್ಲಿ ಆಗುತ್ತಾ ಮೇಡಂ?" ಅಂತ ಕೇಳಿದರು.

ಆಗುತ್ತೆ ಅಂದೆ. ಹೊಲಿಗೆ ಬಿಚ್ಚಿಸಲು ಹೇಗೂ ಶಿವಮೊಗ್ಗಕ್ಕೆ ಬರುತ್ತೀರಿ, ಆ ದಿನ ನನಗೂ ಒಮ್ಮೆ ಕಾಲು ತೋರಿಸಿ ಹೋಗಿ ಅಂತಲೂ ಹೇಳಿದೆ. ಒಂದು ಸಲವಾದರೂ ಕೈಯಿಂದ ಮುಟ್ಟಿ ನೋಡಬೇಕು. ಮಂಡಿ ಎಷ್ಟು ಬಿಸಿ ಇದೆ, ಬಗ್ಗದಂತೆ ಹಿಡಿಯುತ್ತಿರುವುದು ಊತವೋ ಸ್ನಾಯುವೋ ಅನ್ನುವುದು ಪರದೆಯ ಮೇಲೆ ಪೂರ್ತಿ ಗೊತ್ತಾಗುವುದಿಲ್ಲ.

ಮೊದಲ ದಿನ ಹತ್ತು ನಿಮಿಷ ಫೋನ್ ಇಡುವುದರಲ್ಲೇ ಹೋಯಿತು. ಅಮ್ಮ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು, ನನಗೆ ಕಂಡಿದ್ದು ಕಪ್ಪು ನೆರಳು ಮಾತ್ರ. ಫೋನ್ ಮೊಮ್ಮಗಳ ಕೈಯಲ್ಲಿ ಅಲುಗಾಡುತ್ತಿತ್ತು. ಈಗ ಎಲ್ಲರಿಗೂ ಹಿಂದಿನ ದಿನವೇ ಹೇಳಿಬಿಡುತ್ತೇನೆ. ಬೆಳಕು ನಿಮ್ಮ ಮುಖದ ಕಡೆ ಇರಲಿ. ಫೋನನ್ನು ಸ್ಟೂಲಿನ ಮೇಲೆ ನೀರಿನ ಚೊಂಬಿಗೆ ಒರಗಿಸಿ ಇಡಿ, ಮಂಡಿಯ ಎತ್ತರಕ್ಕೆ, ಆರೇಳು ಅಡಿ ದೂರದಲ್ಲಿ. ಅಲುಗಾಡದ ಮರದ ಕುರ್ಚಿ ಬೇಕು, ಪ್ಲಾಸ್ಟಿಕ್ ಕುರ್ಚಿ ಬೇಡ. ಸೀರೆಯಲ್ಲಿ ಮಂಡಿ ಕಾಣುವುದಿಲ್ಲ, ನೈಟಿಯೋ ಸಡಿಲ ಪೈಜಾಮವೋ ಹಾಕಿಕೊಳ್ಳಿ. ಮುಜುಗರ ಆಗುವುದು ಸಹಜ, ಅದಕ್ಕೇ ಕೋಣೆಯಲ್ಲಿ ಯಾರಿರಬೇಕು ಅಂತ ಅವರೇ ಹೇಳಲಿ ಅನ್ನುತ್ತೇನೆ. ನಾನು ರೆಕಾರ್ಡ್ ಮಾಡುವುದಿಲ್ಲ, ಮಾಡಬೇಕಾಗಿ ಬಂದರೆ ಕೇಳಿಯೇ ಮಾಡುತ್ತೇನೆ. ಡಿಸ್ಚಾರ್ಜ್ ಕಾಗದ, ಮಾತ್ರೆ ಚೀಟಿಯ ಫೋಟೋ ಮೊದಲೇ ವಾಟ್ಸಾಪ್ ಮಾಡಿದರೆ ಸಮಯ ಉಳಿಯುತ್ತದೆ.

ಮೊದಲ ಭೇಟಿಯಲ್ಲಿ ಅರ್ಧದಷ್ಟು ಮಾತೇ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಬೇಕು ಅಂತ ಕಾಲೇಜಿನಲ್ಲಿ ಕಲಿಸಿದ್ದಾರೆ. ಆ ಅಮ್ಮ "ಎಂತ ಹೇಳೋದು ಡಾಕ್ಟ್ರೇ, ನೋವು ನೋವೇ ಅಲ್ವಾ" ಅಂದರು. ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ ಅಮ್ಮಾ ಅಂತ ಕೇಳಿದೆ. ಆಗ ಎಲ್ಲ ಹೇಳಿದರು. ಆಮೇಲೆ ಕಾಲು ಮಡಚಿಸಿ ಪಕ್ಕದಿಂದ ನೋಡಿದೆ. ಅಂದಾಜು 70 ಡಿಗ್ರಿ ಬಗ್ಗುತ್ತಿತ್ತು. ಕುರ್ಚಿಯಿಂದ ಎದ್ದು ಕೂರುವುದನ್ನು ಮಗನನ್ನು ಪಕ್ಕದಲ್ಲಿ ನಿಲ್ಲಿಸಿಯೇ ಮಾಡಿಸಿದೆ. ನಾನು ಅಲ್ಲಿಲ್ಲ, ಅವರು ವಾಲಿದರೆ ಹಿಡಿಯುವ ಕೈ ಮನೆಯವರದ್ದೇ ಆಗಬೇಕು.

"ಮೆಷಿನ್ ಇಡಲ್ವಾ?" ಅಂತ ಸುಮಾರು ಜನ ಕೇಳುತ್ತಾರೆ, ಕ್ಲಿನಿಕ್ಕಿನಲ್ಲಿ ನೋವಿಗೆ ಇಡುವ ಕರೆಂಟ್ ಮೆಷಿನ್ ಬಗ್ಗೆ. ಆನ್‌ಲೈನ್‌ನಲ್ಲಿ ಮೆಷಿನ್ ಇಲ್ಲ. ಆಪರೇಷನ್ ಆದ ಮಂಡಿಯನ್ನು ಬಗ್ಗಿಸುವುದು, ನೆಟ್ಟಗೆ ಮಾಡುವುದು, ತೊಡೆಗೆ ಶಕ್ತಿ ತರುವುದು ಮುಖ್ಯವಾಗಿ ವ್ಯಾಯಾಮವೇ. ಮೆಷಿನ್ ನಂಬಿ ವ್ಯಾಯಾಮ ಬಿಟ್ಟವರ ಮಂಡಿ ಬಿಗಿಯಾಗಿದ್ದನ್ನು ನಾನು ನೋಡಿದ್ದೇನೆ, ಬೇಸರವಾಗುತ್ತದೆ.

ನನಗೆ ದೊಡ್ಡ ಪಾಠ ಆಗಿದ್ದು ಎರಡನೇ ಭೇಟಿ. ಬಚ್ಚಲಿಗೆ ಹೋಗುವ ದಾರಿ ತೋರಿಸಿ ಅಂದೆ. ಮಗ ಫೋನ್ ಹಿಡಿದು ಮುಂದೆ ನಡೆದರು. ನಡುಮನೆಗೆ ಒಂದು ಗೇಣು ಎತ್ತರದ ಹೊಸಿಲು. ಹಿತ್ತಿಲ ಬಾಗಿಲಿಗೆ ಇನ್ನೊಂದು. ಆಮೇಲೆ ಮೂರು ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಅಂಗಳದಲ್ಲಿ ಪಾಚಿ. ಅದರಾಚೆ ಬಚ್ಚಲು. ಎಷ್ಟು ವರ್ಷ ಕ್ಲಿನಿಕ್ಕಿನ ನುಣುಪು ನೆಲದ ಮೇಲೆ ವಾಕರ್ ಹಿಡಿಸಿ ನಡೆಸಿ, "ಚೆನ್ನಾಗಿ ನಡೀತೀರಿ" ಅಂತ ಕಳಿಸಿಕೊಟ್ಟಿದ್ದೇನೆ! ಅವರು ಇಂಥ ಮನೆಗಳಿಗೇ ಹೋಗಿದ್ದರು. ಕ್ಲಿನಿಕ್ಕಿನಲ್ಲಿ ಇದು ಯಾವತ್ತೂ ಕಾಣುತ್ತಿರಲಿಲ್ಲ.

ಆ ದಿನ ಬೇರೆ ವ್ಯಾಯಾಮ ಮಾಡಿಸಲಿಲ್ಲ. ಹೊಸಿಲು ದಾಟುವುದನ್ನೇ ಕಲಿಸಿದೆ. ಮೊದಲು ವಾಕರ್ ಆಚೆ ಇಟ್ಟು ನಾಲ್ಕೂ ಕಾಲು ಕೂತಿದೆಯಾ ನೋಡಬೇಕು. ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಇನ್ನೊಂದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಪಾಚಿ ಕೆರೆದು ತೆಗೆಯುವವರೆಗೂ ಅಂಗಳ ಬೇಡ, ಒಳಗೇ ಕಮೋಡ್ ಕುರ್ಚಿ ಇಡಿ ಅಂತ ಮಗನಿಗೆ ಹೇಳಿದೆ. ಸಂಜೆಯೇ ತಂದರು.

ಕೂತು ಹಿಮ್ಮಡಿಯನ್ನು ಕುರ್ಚಿ ಕೆಳಗೆ ಜಾರಿಸುವ ವ್ಯಾಯಾಮ ಇದೆ. ಮಂಡಿ ಬಗ್ಗಲು ಅದು ಬಹಳ ಮುಖ್ಯ. ಸಿಮೆಂಟ್ ನೆಲದಲ್ಲಿ ಪಾದ ಹಿಡಿದುಕೊಳ್ಳುತ್ತಿತ್ತು. ನಾನು ಬಟ್ಟೆ ಹಾಕಿ ಅಂದೆ, ಅದು ಮುದುಡಿತು. ಅಮ್ಮನೇ "ಹಾಳೆ ತಾರೇ" ಅಂತ ಸೊಸೆಗೆ ಹೇಳಿ, ಒಣ ಅಡಿಕೆ ಹಾಳೆಯ ತುಂಡಿನ ಮೇಲೆ ಪಾದ ಇಟ್ಟರು. ಸಲೀಸಾಗಿ ಜಾರಿತು. ಅಂದಿನಿಂದ ತೋಟ ಇರುವ ಮನೆಯವರಿಗೆಲ್ಲ ನಾನು ಹಾಳೆಯನ್ನೇ ಹೇಳುವುದು. ಕೂತಾಗ ಮಾತ್ರ. ಅದರ ಮೇಲೆ ನಿಲ್ಲಬಾರದು.

ಜುಲೈಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಎರಡು ಭೇಟಿ ಬರೀ ಮಾತಿನಲ್ಲೇ ಮುಗಿದವು. ಅದಕ್ಕೆ ಒಂದು ದಾರಿ ಮಾಡಿಕೊಂಡೆವು. ಅವರು ವ್ಯಾಯಾಮದ 20 ಸೆಕೆಂಡ್ ವಿಡಿಯೋ ತೆಗೆದಿಡುವುದು, ಮಗ ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಾಗ ಕಳಿಸುವುದು, ನಾನು ರಾತ್ರಿ ನೋಡಿ ತಪ್ಪನ್ನು ಧ್ವನಿ ಸಂದೇಶದಲ್ಲಿ ಹೇಳುವುದು.

ಒಂದು ಬೆಳಿಗ್ಗೆ ಅಮ್ಮ "ಮೀನಖಂಡ ಹಿಡಿದ ಹಾಗಿದೆ" ಅಂದರು. ಎರಡೂ ಕಾಲು ಪಕ್ಕಪಕ್ಕ ಇಡಿಸಿ ನೋಡಿದೆ. ಬಲಗಾಲು ದಪ್ಪ ಕಂಡಿತು, ಸೊಸೆ ಮುಟ್ಟಿ ಬಿಸಿ ಇದೆ ಅಂದರು. ವ್ಯಾಯಾಮ ನಿಲ್ಲಿಸಿ ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ. ಇಂಥ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸ್ಕ್ಯಾನ್‌ನಲ್ಲಿ ಹೆಪ್ಪು ಇರಲಿಲ್ಲ. ಸುಮ್ನೆ ಓಡಾಡಿಸಿದೆ ಅಂತ ನನಗೆ ಅನ್ನಿಸಲಿಲ್ಲ, ಇನ್ನೊಮ್ಮೆ ಆದರೂ ಅದನ್ನೇ ಹೇಳುತ್ತೇನೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಗಾಯದಲ್ಲಿ ಕೀವು ಬಂದರೆ, ಜ್ವರ ಬಂದರೆ ವಿಡಿಯೋ ಕಾಲ್‌ಗೆ ಕಾಯಬೇಡಿ. ಬೆನ್ನು ನೋವಿನವರಿಗೆ ಮೂತ್ರದ ಹಿಡಿತ ತಪ್ಪಿದರೂ ಅಷ್ಟೇ.

ಆಗಸ್ಟ್ ಎರಡನೇ ವಾರಕ್ಕೆ ಮಂಡಿ 105 ಡಿಗ್ರಿ ಹತ್ತಿರ ಬಗ್ಗಿತು. ವಾಕರ್ ಹೋಗಿ ಕೋಲು ಬಂತು. ಮಣೆ ಮೇಲೆ ಕೂತು ಅಡಿಕೆ ಸುಲಿಯುವುದು ಇನ್ನು ಬೇಡ, ಕುರ್ಚಿಯೇ ಅಂತ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಕೇಳಿದರು, "ತೋಟಕ್ಕೆ ಯಾವಾಗ ಹೋಗ್ಲಿ?"

ದಾರಿ ತೋರಿಸಿ ಅಂದೆ. ಮೊಮ್ಮಗಳು ಫೋನ್ ಹಿಡಿದು ಹೋದಳು. ಹಳ್ಳಕ್ಕೆ ಅಡ್ಡ ಎರಡು ಅಡಿಕೆ ಮರದ ಸಂಕ, ಮಳೆಗೆ ನೆನೆದು ಜಾರುತ್ತಿತ್ತು. ಮಳೆ ಬಿಡಲಿ, ಹಿಡಿದುಕೊಳ್ಳಲು ಬಿದಿರು ಕಟ್ಟಿಸಿ, ಆಮೇಲೆ ಅಂದೆ. ದೀಪಾವಳಿ ಹೊತ್ತಿಗೆ ಮಗ ಫೋಟೋ ಕಳಿಸಿದರು. ಒಂದು ಬದಿಗೆ ಬಿದಿರು ಕಟ್ಟಿದ್ದರು. ವಾಪಸ್ ಬರುವಾಗ ಅಮ್ಮನಿಗೆ ಅದು ಎಡಗೈಗೆ ಬರುತ್ತದೆ, ಇನ್ನೊಂದು ಬದಿಗೂ ಕಟ್ಟಿ ಅಂತ ಬರೆದೆ.