ಮಸಾಜ್ ಕೇಂದ್ರದ ಪ್ರಚಾರಕ್ಕೆ ಎಷ್ಟು ದುಡ್ಡು ಇಡಬೇಕು?

ಬಳ್ಳಾರಿಯಂಥ ಊರಿನಲ್ಲಿ ಮಸಾಜ್ ಕೇಂದ್ರ ತೆರೆದವರು ಹೆಚ್ಚಾಗಿ ಪ್ರಚಾರಕ್ಕೆ ಬಜೆಟ್ ಅಂತ ಮಾಡುವುದೇ ಇಲ್ಲ. ಗಿರಾಕಿ ಕಡಿಮೆಯಾದ ವಾರ ಗಾಬರಿಯಾಗಿ ಫೇಸ್‌ಬುಕ್‌ಗೆ ಎರಡು ಸಾವಿರ ಹಾಕುತ್ತಾರೆ. ನಾಲ್ಕು ಫೋನ್ ಬಂದ ಕೂಡಲೇ ನಿಲ್ಲಿಸುತ್ತಾರೆ. ವರ್ಷದ ಕೊನೆಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದು ಕೇಳಿದರೆ ಉತ್ತರವಿಲ್ಲ. ‘ವ್ಯಾಪಾರದ ಶೇ 10 ಪ್ರಚಾರಕ್ಕೆ ಇಡಿ’ ಎಂಬ ಸಲಹೆ ಸುಮ್ನೆ ಕೇಳುವುದಕ್ಕೆ ಚೆಂದ. ಈ ಕಸುಬಿನಲ್ಲಿ ಲೆಕ್ಕ ಶುರುವಾಗಬೇಕಾದದ್ದು ಖಾಲಿ ಹೋಗುವ ಗಂಟೆಗಳಿಂದ.

ಮೊದಲ ಹೆಜ್ಜೆ: ಖಾಲಿ ಗಂಟೆ ಎಣಿಸಿ

ಜೀನ್ಸ್ ಅಂಗಡಿಗೆ ಹತ್ತು ಜನ ಜಾಸ್ತಿ ಬಂದರೆ ಹತ್ತು ಪ್ಯಾಂಟ್ ಜಾಸ್ತಿ ಮಾರಬಹುದು. ಮಸಾಜ್ ಹಾಗಲ್ಲ. ಇಲ್ಲಿರುವುದು ಎರಡು ಕೈ, ಅವಕ್ಕೂ ದಣಿವಾಗುತ್ತದೆ. ಒಬ್ಬ ಥೆರಪಿಸ್ಟ್ ದಿನಕ್ಕೆ ಐದು ಜನರಿಗೆ ಚೆನ್ನಾಗಿ ತಿಕ್ಕಬಹುದು ಎಂದಿಟ್ಟುಕೊಳ್ಳಿ. ಇಬ್ಬರಿದ್ದರೆ ದಿನಕ್ಕೆ ಹತ್ತು ಸಿಟ್ಟಿಂಗ್. ತಿಂಗಳಿಗೆ 26 ದಿನ ಕೆಲಸ ಅಂದರೆ 260. ಈಗ ಆಗುತ್ತಿರುವುದು 140 ಆದರೆ 120 ಖಾಲಿ.

ಈ 120 ಯಾವ ಹೊತ್ತಿನವು ಎಂಬುದನ್ನೂ ಬರೆದಿಡಿ. ಭಾನುವಾರ ಬೆಳಿಗ್ಗೆ ಎಲ್ಲರಿಗೂ ಬೇಕು. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಹಾಗಾದರೆ ಭಾನುವಾರಕ್ಕೆ ರಿಯಾಯಿತಿ ಯಾಕೆ ಕೊಡಬೇಕು? ಕೊಡುವುದಾದರೆ ವಾರದ ಮಧ್ಯಾಹ್ನಕ್ಕೆ ಮಾತ್ರ ಕೊಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮೇಲೆ ದುಡಿಯುವವರಿಗೆ ವಾರದ ನಡುವೆಯೂ ಬಿಡುವು ಇರುತ್ತದೆ. ನಿಮ್ಮ ಖಾಲಿ ಹೊತ್ತಿಗೆ ಬರಬಲ್ಲವರು ಅವರು. ಅವರ ಮನೆಗಳಿರುವ ಬಡಾವಣೆ ಯಾವುದು, ಸಂಬಳ ಯಾವ ತಾರೀಖಿಗೆ ಎಂದು ವಿಚಾರಿಸಿ. ಕರಪತ್ರ ಹಂಚುವ ದಿನ ಅದೇ ಆಗಲಿ.

ಎರಡನೇ ಹೆಜ್ಜೆ: ಒಬ್ಬ ಗಿರಾಕಿಯಿಂದ ಕೈಗೆ ಎಷ್ಟು ಉಳಿಯುತ್ತದೆ?

ಇದು ಬರೀ ಕೂಡಿ ಕಳೆಯುವ ಲೆಕ್ಕ, ಆದರೆ ಇದರಲ್ಲೇ ಎಡವುವವರು ಜಾಸ್ತಿ. ಒಂದು ಗಂಟೆಗೆ ₹700 ದರ ಎಂದುಕೊಳ್ಳೋಣ. ಎಣ್ಣೆ, ಟವೆಲ್ ಒಗೆಯುವುದು, ಬಿಸಿನೀರು, ಥೆರಪಿಸ್ಟ್‌ಗೆ ಸಿಟ್ಟಿಂಗ್ ಲೆಕ್ಕದ ಕಮಿಷನ್ ಸೇರಿ ₹250 ಹೋಯಿತು. ಉಳಿದದ್ದು ₹450. ಬಾಡಿಗೆ, ಸಂಬಳ ಇಲ್ಲಿ ಸೇರಿಸಬೇಡಿ. ಹಾಸಿಗೆ ಖಾಲಿ ಇದ್ದರೂ ಅವನ್ನು ಕೊಡಲೇಬೇಕು.

ಖಾಲಿ 120ರಲ್ಲಿ ಅರ್ಧ ತುಂಬುವ ಗುರಿ ಇಟ್ಟರೆ 60 ಸಿಟ್ಟಿಂಗ್, ₹27,000. ಅದರಲ್ಲಿ ಮೂರನೇ ಒಂದು ಪಾಲು, ಅಂದರೆ ₹9,000 ತಿಂಗಳ ಪ್ರಚಾರಕ್ಕೆ ಇಡಬಹುದು. ಇದಕ್ಕಿಂತ ಜಾಸ್ತಿ ಇಟ್ಟರೆ ಗುರಿಯ ಅರ್ಧ ಮಾತ್ರ ಮುಟ್ಟಿದ ತಿಂಗಳು ಕೈಗೆ ಹೆಚ್ಚೇನೂ ಉಳಿಯುವುದಿಲ್ಲ.

ಈಗ ಮರಳಿ ಬರುವವರ ಲೆಕ್ಕ. ಹತ್ತು ಹೊಸಬರಲ್ಲಿ ನಾಲ್ವರು ಆ ವರ್ಷ ಇನ್ನೂ ಮೂರು ಸಲ ಬಂದರು ಎಂದಿಟ್ಟುಕೊಳ್ಳಿ. ಒಟ್ಟು 22 ಸಿಟ್ಟಿಂಗ್, ₹9,900. ತಲಾ ₹990 ಆಯಿತು. ಒಬ್ಬ ಹೊಸ ಗಿರಾಕಿಯನ್ನು ಕರೆತರಲು ₹300 ಖರ್ಚಾದರೆ ಚಿಂತೆಯಿಲ್ಲ. ₹450 ದಾಟಿದರೆ ಮೊದಲ ಭೇಟಿಯಲ್ಲಿ ಹಾಕಿದ ದುಡ್ಡೂ ಬರುವುದಿಲ್ಲ, ಎರಡನೇ ಭೇಟಿಗೆ ಕಾಯಬೇಕು. ಹತ್ತರಲ್ಲಿ ಎಷ್ಟು ಜನ ಮರಳಿ ಬರುತ್ತಾರೆ ಎಂಬುದನ್ನು ನಿಮ್ಮ ರಿಜಿಸ್ಟರ್ ನೋಡಿಯೇ ತುಂಬಿ. ಊಹೆ ಬೇಡ.

ಮೂರನೇ ಹೆಜ್ಜೆ: ಮೊದಲು ನಂಬಿಕೆಗೆ ಖರ್ಚು ಮಾಡಿ

‘ಸ್ಪಾ’ ಅಂದರೆ ನಮ್ಮ ಕಡೆ ಇನ್ನೂ ಹುಬ್ಬೇರಿಸುತ್ತಾರೆ. ಆ ಪದವನ್ನು ಪೊಲೀಸ್ ದಾಳಿಯ ಸುದ್ದಿಯಲ್ಲೇ ಓದಿದವರು ಬಹಳ. ಹೆಣ್ಣುಮಕ್ಕಳು ಬರಬೇಕೋ ಬೇಡವೋ ಎಂದು ಬಾಗಿಲಲ್ಲೇ ಯೋಚಿಸುತ್ತಾರೆ. ಹೀಗಿರುವಾಗ ಸಾವಿರಾರು ಜನರಿಗೆ ಜಾಹೀರಾತು ತೋರಿಸಿ ಏನು ಉಪಯೋಗ? ಮೊದಲು ಆ ಅನುಮಾನ ಕಳೆಯಬೇಕು.

ಇದಕ್ಕೆ ತಿಂಗಳ ₹9,000 ಮುಟ್ಟಬೇಡಿ. ಒಂದೇ ಸಲದ ಖರ್ಚು ಎಂದು ಬೇರೆ ಇಡಿ. ಒಳ್ಳೆಯ ಬೋರ್ಡ್ ಬರೆಸಿ. ರಾಜ್ಯದಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿದೆ, ಬರೆಸುವ ಮುಂಚೆಯೇ ನೋಡಿಕೊಳ್ಳಿ. ಕೋಣೆ, ಮಂಚ, ಟವೆಲ್, ಕೆಲಸದವರ ನಿಜವಾದ ಫೋಟೊ ತೆಗೆಸಿ. ಇಂಟರ್‌ನೆಟ್‌ನಿಂದ ಇಳಿಸಿದ ಮೇಣದಬತ್ತಿ, ಗುಲಾಬಿ ದಳದ ಚಿತ್ರ ಹಾಕಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ದರಪಟ್ಟಿ ಮತ್ತು ಪಾಲಿಕೆಯ ಲೈಸೆನ್ಸ್ ಗೋಡೆಯ ಮೇಲೆ ಕಾಣಲಿ. ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡುತ್ತಾರೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸುವುದು ಪುಕ್ಕಟೆ. ಸಮಯ, ಫೋನ್ ನಂಬರ್, ಫೋಟೊ ಸರಿಯಾಗಿ ತುಂಬಿ. ಗಿರಾಕಿಗಳಿಂದ ಅಭಿಪ್ರಾಯ ಬರೆಸಿ, ಆದರೆ ಅದಕ್ಕೆ ರಿಯಾಯಿತಿ ಕೊಡಬೇಡಿ. ಹಾಗೆ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ.

ನಾಲ್ಕನೇ ಹೆಜ್ಜೆ: ₹9,000 ಹಂಚುವುದು

ಹಳೇ ಗಿರಾಕಿಗಳಿಗೆ ₹2,500. ಪರಿಚಯದವರನ್ನು ಕರೆತಂದವರಿಗೆ ಮುಂದಿನ ಸಲ ಕಾಲಿನ ಮಸಾಜ್ ಉಚಿತ, ಅಥವಾ ಐದು ಸಿಟ್ಟಿಂಗ್‌ಗೆ ಒಂದು ತಲೆ ಮಸಾಜ್, ಹೀಗೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ಗೆ ದುಡ್ಡಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಒಟ್ಟಿಗೆ ಕಳಿಸಬಹುದು. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಹೋಗುವಾಗ ನಂಬರ್ ಸೇವ್ ಮಾಡಿಸಿಯೇ ಕಳಿಸಿ. ತಿಂಗಳಿಗೆ ಎರಡು ಸಂದೇಶ ಸಾಕು. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಅಲ್ವಾ?

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಜಾಹೀರಾತಿಗೆ ₹3,000. ಇದಕ್ಕೆ ಶೇ 18 ಜಿಎಸ್‌ಟಿ ಸೇರಿ ಹೋಗುವುದು ₹3,540. ಸೇವಾ ವ್ಯವಹಾರ ವರ್ಷಕ್ಕೆ ₹20 ಲಕ್ಷ ದಾಟದವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ಆದ್ದರಿಂದ ಆ ತೆರಿಗೆ ವಾಪಸ್ ಬರುವುದೂ ಇಲ್ಲ. ನೋಂದಣಿ ಇದ್ದರೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಮಸಾಜ್‌ನಂಥ ಸೇವೆಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಜೊತೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯವೂ ಹೋಗಿದೆ. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ₹3,540 ಎಂದೇ ಬರೆಯಿರಿ. ಜಾಹೀರಾತು ಇಡೀ ಜಿಲ್ಲೆಗೆ ಬೇಡ, ಅಂಗಡಿಯ ಸುತ್ತ ಐದಾರು ಕಿ.ಮೀ. ಸಾಕು. ಬಳ್ಳಾರಿಯಲ್ಲಿ ಮನೆಯಲ್ಲಿ ತೆಲುಗು, ಉರ್ದು ಮಾತಾಡುವವರೂ ಬಹಳ. ಒಂದು ವಿಡಿಯೊ ತೆಲುಗಿನಲ್ಲೂ ಮಾಡಿ ನೋಡಿ.

ಕರಪತ್ರ, ಜಿಮ್ ಮತ್ತು ಬ್ಯೂಟಿ ಪಾರ್ಲರ್‌ಗಳಲ್ಲಿ ಇಡುವ ಕಾರ್ಡ್‌ಗೆ ₹1,500. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಸುತ್ತಲೂ ಕಾಣುತ್ತವೆ, ನಿಜ. ನೀವು ಕಟ್ಟಿದ್ದನ್ನು ಪಾಲಿಕೆಯವರು ಕಿತ್ತರೆ ದುಡ್ಡು ನಿಮ್ಮದೇ ಹೋಗುವುದು. ಡಾಕ್ಟರ್‌ಗೆ ಕಮಿಷನ್ ಎಂಬ ಸಾಲು ಬಜೆಟ್‌ನಲ್ಲಿ ಬೇಡವೇ ಬೇಡ. ರೋಗಿಯನ್ನು ಕಳಿಸಿದ್ದಕ್ಕೆ ದುಡ್ಡು ಪಡೆಯುವುದು ವೈದ್ಯರ ನಡತೆ ನಿಯಮಕ್ಕೆ ವಿರುದ್ಧ.

ಉಳಿದ ₹1,460 ಮುಟ್ಟದೆ ಇಡಿ. ಹಬ್ಬದ ತಿಂಗಳಿಗೆ ಬೇಕಾಗುತ್ತದೆ.

ಜಾಹೀರಾತಿನಲ್ಲಿ ಏನು ಬರೆಯುತ್ತೀರಿ ಎಂಬುದೂ ದುಡ್ಡಿನ ವಿಷಯವೇ. ‘ನಮ್ಮ ಎಣ್ಣೆಯಿಂದ ಲಕ್ವ, ಸಕ್ಕರೆ ಕಾಯಿಲೆ, ಬಿ.ಪಿ. ವಾಸಿ’ ಎಂದು ಹಾಕುವುದು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಡಿ ಅಪರಾಧ. ‘ದಣಿದ ಮೈಗೆ ಹಗುರ’ ಎಂದರೆ ಸಾಕು.

ಐದನೇ ಹೆಜ್ಜೆ: ಪಂಚಾಂಗ ನೋಡಿ ಹೆಚ್ಚು ಕಡಿಮೆ ಮಾಡಿ

ಹನ್ನೆರಡು ತಿಂಗಳೂ ಒಂದೇ ಮೊತ್ತ ಹಾಕಬೇಡಿ. ಯುಗಾದಿ ಮತ್ತು ನರಕ ಚತುರ್ದಶಿಯ ಎಣ್ಣೆಸ್ನಾನ ನಮ್ಮಲ್ಲಿ ಇದ್ದದ್ದೇ. ಆ ವಾರದ ಮುಂಚೆ ಅಭ್ಯಂಗದ ಪ್ಯಾಕೇಜ್ ಬಗ್ಗೆ ಹೇಳಿದರೆ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಲಗ್ನದ ಕಾಲದಲ್ಲಿ ಮದುಮಕ್ಕಳ ಪ್ಯಾಕೇಜ್ ನಡೆಯುತ್ತದೆ, ಆಷಾಢದಲ್ಲಿ ಅದಕ್ಕೆ ಒಂದು ರೂಪಾಯಿಯೂ ಬೇಡ. ಏಪ್ರಿಲ್, ಮೇ ಬಿಸಿಲಿಗೆ ಇಲ್ಲಿ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ. ಆಗ ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ಐದರ ಮೇಲೆ ಎಂದು ಸಮಯ ಬದಲಿಸಿ, ಜಾಹೀರಾತಿನಲ್ಲೂ ಅದನ್ನೇ ಹೇಳಿ.

ಬಾಣಂತಿಯರ ಮಸಾಜ್‌ಗೆ ಮಾತ್ರ ಋತುವಿಲ್ಲ. ಮೈ ತಿಕ್ಕಿ ನೀರು ಎರೆಯುವ ಹಿರಿಯ ಹೆಂಗಸರು ಎಲ್ಲ ಓಣಿಯಲ್ಲೂ ಸಿಗುವುದಿಲ್ಲ. ಬಾಣಂತಿ ಹೊರಗೆ ಬರುವುದಿಲ್ಲವಾದ್ದರಿಂದ ನೀವೇ ಮನೆಗೆ ಹೋಗಬೇಕು. ಇಲ್ಲಿ ಜಾಹೀರಾತು ಅಷ್ಟು ನಡೆಯುವುದಿಲ್ಲ. ಒಂದು ಮನೆಯ ಅತ್ತೆ ಇನ್ನೊಂದು ಮನೆಯ ಅತ್ತೆಗೆ ಹೇಳಬೇಕು. ಈ ಸಾಲಿಗೆ ಇಡಬೇಕಾದದ್ದು ಆಟೊ ಖರ್ಚು ಮತ್ತು ಒಳ್ಳೆಯ ಥೆರಪಿಸ್ಟ್‌ಗೆ ನಾಲ್ಕು ಕಾಸು ಜಾಸ್ತಿ.

ಕೊನೆಯದು: ರಿಜಿಸ್ಟರ್‌ನಲ್ಲಿ ಒಂದು ಕಾಲಂ

ಹೆಸರು, ಫೋನ್ ಪಕ್ಕದಲ್ಲಿ ‘ಎಲ್ಲಿಂದ ಗೊತ್ತಾಯಿತು?’ ಎಂಬ ಕಾಲಂ ಹಾಕಿ. ಗೂಗಲ್, ಇನ್‌ಸ್ಟಾ, ಕರಪತ್ರ, ಪರಿಚಯದವರು, ಬೋರ್ಡ್ ನೋಡಿ, ಇಷ್ಟೇ. ತಿಂಗಳ ಕೊನೆಗೆ ಪ್ರತಿ ಸಾಲಿನ ಖರ್ಚನ್ನು ಅದರಿಂದ ಬಂದ ಹೊಸಬರ ಸಂಖ್ಯೆಯಿಂದ ಭಾಗಿಸಿ. ಇನ್‌ಸ್ಟಾಗೆ ₹3,540 ಹೋಗಿ ಆರು ಜನ ಬಂದರೆ ತಲಾ ₹590. ಒಂದು ತಿಂಗಳಿಗೇ ಕೈಬಿಡಬೇಡಿ. ಫೋಟೊ, ಮಾತು, ತೋರಿಸುವ ಹೊತ್ತು ಬದಲಿಸಿ ಇನ್ನೆರಡು ತಿಂಗಳು ನೋಡಿ. ಆಗಲೂ ₹450ಕ್ಕಿಂತ ಕೆಳಗೆ ಇಳಿಯದಿದ್ದರೆ, ಆ ದುಡ್ಡಿನಲ್ಲಿ ಅರ್ಧವನ್ನು ಹಳೇ ಗಿರಾಕಿಗಳ ಸಾಲಿಗೆ ಸೇರಿಸಿ.